ಭಕ್ತಿ ಹೆಚ್ಚಾದರೆ ಸಂಪಾದನೆಯೂ ಹೆಚ್ಚುತ್ತಾ?

ತಪ್ಪದೆ ಚರ್ಚಿಗೆ ಹೋಗುವವರ ಸಂಪಾದನೆ ಜಾಸ್ತಿ ಅಂತ ಯಾವುದೋ ಸರ್ವೆ ಹೇಳಿತು ಅಂದುಕೊಳ್ಳಿ. ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಕುಡಿತ, ಜೂಜಿನ ಗೋಜಿಗೆ ಹೋಗದವರೇ ಚರ್ಚಿಗೂ ಹೋಗುತ್ತಿರಬಹುದು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಭಕ್ತಿ ಬಂದಿರಲೂಬಹುದು.

ಸರಿಯಾಗಿ ತಿಳಿಯಬೇಕಾದರೆ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ, ಅವರಿಗೆ ಮಾತ್ರ ಧರ್ಮಬೋಧೆ ಮಾಡಿ ನೋಡಬೇಕು. ಹುಚ್ಚು ಅನಿಸುತ್ತೆ, ಅಲ್ವಾ? ಗರದ್ ಬ್ರಯಾನ್, ಜೇಮ್ಸ್ ಚಾಯ್, ಡೀನ್ ಕಾರ್ಲನ್ ಎಂಬ ಅರ್ಥಶಾಸ್ತ್ರಜ್ಞರು ಫಿಲಿಪ್ಪೀನ್ಸ್‌ನಲ್ಲಿ ಇದನ್ನೇ ಮಾಡಿದರು; 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿನ ಕ್ರೈಸ್ತ ಸಂಸ್ಥೆಯೊಂದು ಕಡುಬಡವರಿಗೆ ವಾರಕ್ಕೊಂದರಂತೆ 15 ತರಗತಿ ನಡೆಸುತ್ತಿತ್ತು. ಬೈಬಲ್ ಪಾಠದ ಜೊತೆ ಆರೋಗ್ಯ, ಜೀವನೋಪಾಯದ ಪಾಠಗಳೂ ಇದ್ದವು. ಕಸುಬು ಕಲಿತು ಆದಾಯ ಏರಿದರೆ ಅದನ್ನು ದೇವರ ಲೆಕ್ಕಕ್ಕೆ ಬರೆಯುವಂತಿಲ್ಲವಲ್ಲ! ಅದಕ್ಕೇ 320 ಊರುಗಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಮೂರೂ ಪಾಠ, ಇನ್ನೊಂದಕ್ಕೆ ಬೈಬಲ್ ಬಿಟ್ಟು ಉಳಿದೆರಡು, ಮತ್ತೊಂದಕ್ಕೆ ಬರೀ ಬೈಬಲ್. ಕೊನೆಯ ಪಾಲಿಗೆ ಏನೂ ಇಲ್ಲ.

ಪಾಠ ಮುಗಿದ 6 ತಿಂಗಳ ಮೇಲೆ ಮನೆಮನೆ ವಿಚಾರಿಸಿದರು. ಬೈಬಲ್ ಪಾಠ ಸಿಕ್ಕಿದ್ದ ಕಡೆ ಭಕ್ತಿ ಹೆಚ್ಚಿತ್ತು. ಆದಾಯವೂ ಸುಮಾರು ಶೇ 9ರಷ್ಟು ಹೆಚ್ಚಿತ್ತು. ದುಡಿಯುವ ಒಟ್ಟು ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಿಡಿದ ಕೆಲಸ ಬಿಡದ ಛಲ ಬೆಳೆದದ್ದು ಕಾರಣವಿರಬಹುದು ಅನ್ನುವುದು ಸಂಶೋಧಕರ ಊಹೆ.

ನನಗೆ ಇದಕ್ಕಿಂತ ಮಜಾ ಅನಿಸಿದ್ದು ಬೇರೆ. ಇಷ್ಟು ದುಡ್ಡು ಬಂದರೂ ಬದುಕಿನ ಬಗ್ಗೆ ತೃಪ್ತಿ ಹೆಚ್ಚಲಿಲ್ಲ. ಬೇರೆಯವರಿಗೆ ಹೋಲಿಸಿದರೆ ನೀವು ಎಲ್ಲಿದ್ದೀರಿ ಅಂತ ಕೇಳಿದಾಗ, ಪಾಠ ಕೇಳದವರಿಗಿಂತ ಇವರೇ ತಮ್ಮನ್ನು ಕೆಳಗಿಟ್ಟುಕೊಂಡರು! 30 ತಿಂಗಳ ಹೊತ್ತಿಗೆ ಹೆಚ್ಚಿದ್ದ ಭಕ್ತಿಯೂ ಇಳಿದಿತ್ತು. ಆದರೆ ಕ್ಯಾಥೊಲಿಕ್ ಬದಲು ಪ್ರಾಟೆಸ್ಟೆಂಟ್ ಎಂದು ಹೇಳಿಕೊಳ್ಳುವವರು ಅವರಲ್ಲಿ ಜಾಸ್ತಿಯಾಗಿದ್ದರು.

ರಂಜಾನ್ ಉಪವಾಸದ ಕತೆ ಇದಕ್ಕೆ ತಿರುಗುಮುರುಗು. ಚಾಂದ್ರಮಾನದ ಲೆಕ್ಕವಾದ್ದರಿಂದ ರಂಜಾನ್ ವರ್ಷ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಬಂದರೆ ಟರ್ಕಿಯಂಥ ದೇಶದಲ್ಲಿ ಹಗಲೂ ಉದ್ದ, ಉಪವಾಸವೂ ಉದ್ದ. ಉಪವಾಸದ ಹೊತ್ತು ಹೆಚ್ಚಿದಾಗ ಮುಸ್ಲಿಂ ದೇಶಗಳ ಆರ್ಥಿಕ ಬೆಳವಣಿಗೆ ತಗ್ಗುತ್ತದೆ, ಜನರ ನೆಮ್ಮದಿ ಮಾತ್ರ ಹೆಚ್ಚುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಹಸಿವಿನ ಸುಸ್ತು ಅಂದುಕೊಂಡಿರಾ? ತಿಂಗಳು ಕಳೆದ ಮೇಲೂ ಕೆಲಸ ಮುಖ್ಯವೋ ಧರ್ಮ ಮುಖ್ಯವೋ ಎಂಬ ತೂಕವೇ ಜನರ ಮನಸ್ಸಿನಲ್ಲಿ ಸ್ವಲ್ಪ ಬದಲಾಗಿತ್ತು.