ಸ್ಕೇಲ್ ಬಾರ್ ಇದ್ದರೆ ಪಟ್ಟಿನ ಲೆಕ್ಕ ಬೇಡ

ಸೂಕ್ಷ್ಮದರ್ಶಕದ ಚಿತ್ರ ಕೊಟ್ಟು ‘ಕೋಶದ ನಿಜವಾದ ಗಾತ್ರ ಎಷ್ಟು?’ ಅಂತ ಕೇಳಿದಾಗ ಅಂಕ ಹೋಗುವುದು ಜೀವಶಾಸ್ತ್ರ ಬಾರದೆ ಅಲ್ಲ, ಏಕಮಾನ ಬದಲಿಸದೆ. ಚಿತ್ರದಲ್ಲಿನ ಅಳತೆಯನ್ನು ವರ್ಧನೆಯಿಂದ (ಚಿತ್ರ ನಿಜಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂಬ ಸಂಖ್ಯೆಯಿಂದ) ಭಾಗಿಸಬೇಕು, ಸೂತ್ರ ಇಷ್ಟೇ.

ಒಂದು ಬ್ಲಡ್ ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಸವರಿದ ರಕ್ತ) ಚಿತ್ರ ತಗೊಳ್ಳಿ. ಮೂಲೆಯಲ್ಲಿ ಪುಟ್ಟ ಗೆರೆ, ಅದೇ ಸ್ಕೇಲ್ ಬಾರ್; ಅದರ ಮೇಲೆ ‘10 ಮೈಕ್ರೋಮೀಟರ್’ ಎಂದಿದೆ, ಅಂದರೆ ಆ ಗೆರೆಯಷ್ಟು ಉದ್ದ ನಿಜದಲ್ಲಿ 10 ಮೈಕ್ರೋಮೀಟರ್. ಅಡಿಪಟ್ಟಿ ಇಟ್ಟರೆ ಗೆರೆ 25 ಮಿ.ಮೀ., ಒಂದು ಕೆಂಪು ರಕ್ತಕಣದ ಅಡ್ಡಳತೆ 19 ಮಿ.ಮೀ. ಈಗ 25 ÷ 10 = 2.5 ಎಂದು ಬರೆದರೆ ಕೆಟ್ಟಿತು. ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುವುದು ಪೇಪರ್ ಓದುವ ಭೂತಗನ್ನಡಿ! 25 ಇರುವುದು ಮಿ.ಮೀ.ನಲ್ಲಿ, 10 ಇರುವುದು ಮೈಕ್ರೋಮೀಟರಿನಲ್ಲಿ. 1 ಮಿ.ಮೀ. ಅಂದರೆ 1000 ಮೈಕ್ರೋಮೀಟರ್, ಹಾಗಾಗಿ 25,000 ÷ 10 = 2500 ಪಟ್ಟು. ಕಣದ ಗಾತ್ರ 19,000 ÷ 2500 = 7.6 ಮೈಕ್ರೋಮೀಟರ್. ಕೆಂಪು ರಕ್ತಕಣ 7ರಿಂದ 8 ಇರುವುದರಿಂದ ಉತ್ತರ ಸರಿ. ಸೆಂ.ಮೀ.ನಲ್ಲಿ ಅಳೆದಿದ್ದರೆ 1000 ಅಲ್ಲ, 10,000ದಿಂದ ಗುಣಿಸಬೇಕು.

ಇಷ್ಟು ಸುತ್ತುವುದೇ ಬೇಡ. 19ನ್ನು 25ರಿಂದ ಭಾಗಿಸಿ 10ರಿಂದ ಗುಣಿಸಿ: 7.6. ಮಿ.ಮೀ.ಗೆ ಮಿ.ಮೀ. ಹೊಡೆದು ಹೋಗುತ್ತದೆ, ಸೊನ್ನೆ ಎಣಿಸುವ ಕೆಲಸವೇ ಇಲ್ಲ. ವರ್ಧನೆಯನ್ನೇ ಕೇಳಿದ್ದರೆ ಮಾತ್ರ ಮೇಲಿನ ದಾರಿ ಹಿಡಿಯಿರಿ.

ಚಿತ್ರದ ಕೆಳಗೆ ‘×2500’ ಅಂತ ಅಚ್ಚಾಗಿದ್ದರೂ ಗೆರೆಯನ್ನೇ ನಂಬಿ. ಮೊಬೈಲಿನಲ್ಲಿ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಕಣ 38 ಮಿ.ಮೀ. ಆಗುತ್ತದೆ, ಗೆರೆಯೂ 50 ಆಗುತ್ತದೆ. ಉತ್ತರ ಅದೇ 7.6. ಆದರೆ ‘×2500’ ಹಿಗ್ಗುವುದಿಲ್ಲ. ಅದನ್ನು ಹಿಡಿದು ಹೊರಟರೆ ಕಣ 15.2 ಮೈಕ್ರೋಮೀಟರ್ ಆಗಿ ಕೂರುತ್ತದೆ. ಇನ್ನು ‘×400’ ಎಂದು ಕಂಡರೆ ಅದು ಬಹಳ ಸಲ 10ರ ಐಪೀಸ್ (ಕಣ್ಣಿನ ಬಳಿಯ ಮಸೂರ) ಗುಣಿಸು 40ರ ಆಬ್ಜೆಕ್ಟಿವ್ (ಮಾದರಿಯ ಬಳಿಯ ಮಸೂರ) ಅಷ್ಟೇ. ಅದು ಕಣ್ಣಿಟ್ಟು ನೋಡಿದವರ ಲೆಕ್ಕ, ಕಾಗದದ ಮೇಲಿನ ಫೋಟೊದ್ದಲ್ಲ.

ಗೆರೆಯೂ ಕೈಕೊಡುವ ಜಾಗ ಒಂದಿದೆ. ಕಂಪ್ಯೂಟರಿನಲ್ಲಿ ಪ್ರೆಸೆಂಟೇಶನ್ ಸ್ಲೈಡ್ ಮಾಡುವಾಗ ಚಿತ್ರದ ಮೂಲೆ ಬಿಟ್ಟು ಪಕ್ಕದ ಅಂಚು ಹಿಡಿದು ಎಳೆದರೆ ಅಡ್ಡಕ್ಕಷ್ಟೇ ಹಿಗ್ಗುತ್ತದೆ. ದುಂಡನೆಯ ಕಣಗಳೆಲ್ಲ ಒಂದೇ ದಿಕ್ಕಿಗೆ ಮೊಟ್ಟೆಯಾಕಾರ ಆಗಿದ್ದರೆ ಅನುಮಾನಪಡಿ.

ಗೆರೆ ಇಲ್ಲದ ರಕ್ತದ ಚಿತ್ರದಲ್ಲಿ ಕೆಂಪು ಕಣವೇ ಅಡಿಪಟ್ಟಿ. ಅದರ ಸುಮಾರು ಎರಡರಷ್ಟು ಅಗಲದ ಬಿಳಿ ಕಣ 15 ಮೈಕ್ರೋಮೀಟರ್ ಆಸುಪಾಸು. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಈ ಅಡಿಪಟ್ಟಿಯೇ ಕುಗ್ಗಿರುತ್ತದೆ. ಆಗ ಪಕ್ಕದ ಸಣ್ಣ ಲಿಂಫೋಸೈಟಿನ (ಒಂದು ಬಗೆಯ ಬಿಳಿ ಕಣದ) ಕೋಶಕೇಂದ್ರ ನೋಡಿ. ಆರೋಗ್ಯದ ಕೆಂಪು ಕಣ ಹೆಚ್ಚುಕಡಿಮೆ ಅದರಷ್ಟೇ ಇರುತ್ತದೆ. ಅದಕ್ಕಿಂತ ಚಿಕ್ಕದಾಗಿ ಕಂಡರೆ ಕಣ ಕುಗ್ಗಿದೆ.

ಬಣ್ಣದ ಬಗ್ಗೆ ಒಂದೇ ಮಾತು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಹುಟ್ಟುವುದು ಕಪ್ಪು-ಬಿಳುಪಾಗಿ, ಬಣ್ಣ ಆಮೇಲೆ ಕಂಪ್ಯೂಟರಿನಲ್ಲಿ ಹಚ್ಚಿದ್ದು. ‘ಬ್ಯಾಕ್ಟೀರಿಯಾ ಹಸಿರು’ ಅಂತ ಉತ್ತರದಲ್ಲಿ ಬರೆಯಬೇಡಿ.