‘ಎಂಡೆವರ್’ ನೋಡೋಕೆ ಮುಂಚೆ ಹಳೇ ಮೋರ್ಸ್ ನೋಡಲೇಬೇಕಾ?

ಪ್ರಶ್ನೆ: ‘ಎಂಡೆವರ್’ ನೋಡಬೇಕು ಅಂತ ಆಸೆ. ಆದರೆ ‘ಇನ್‌ಸ್ಪೆಕ್ಟರ್ ಮೋರ್ಸ್’ ಅನ್ನೋ ಹಳೇ ಬ್ರಿಟಿಷ್ ಪತ್ತೇದಾರಿ ಟಿವಿ ಸರಣಿಯ ಮುಂಚಿನ ಕಥೆ ಇದು ಅಂತಾರೆ. ಅದನ್ನು ನೋಡದೆ ಇದು ಅರ್ಥ ಆಗುತ್ತಾ?

ಖಂಡಿತ ಆಗುತ್ತದೆ, ಧೈರ್ಯವಾಗಿ ಶುರು ಮಾಡಿ. 2012ರ ಜನವರಿ 2ರಂದು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಬಂದ ಮೊದಲ ಕಂತು ತನ್ನಷ್ಟಕ್ಕೆ ತಾನೇ ಒಂದು ಪೂರ್ತಿ ಕಥೆ. 1965ರ ಆಕ್ಸ್‌ಫರ್ಡ್. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಕಾಣೆಯಾಗಿದ್ದಾಳೆ. ಹುಡುಕಲು ಬೇರೆ ಊರಿನಿಂದಲೂ ಪೊಲೀಸರನ್ನು ಕರೆಸುತ್ತಾರೆ. ಅವರಲ್ಲೊಬ್ಬ ತೆಳ್ಳಗಿನ, ಮೌನಿ ಹುಡುಗ ಮೋರ್ಸ್. ಪಾತ್ರ ಮಾಡಿದವರು ಶಾನ್ ಇವಾನ್ಸ್.

ಅವನಿಗೆ ಈ ಊರು ಹೊಸದಲ್ಲ. ಇಲ್ಲೇ ಓದಲು ಬಂದು, ಪ್ರೀತಿ ಮುರಿದುಬಿದ್ದು, ಡಿಗ್ರಿ ಮುಗಿಸದೆ ಹೊರಟುಹೋದವನು. ಕಾಲೇಜಿನವರಿಗೆ ಅವನು ಬರೀ ಪೊಲೀಸ್. ಠಾಣೆಯವರಿಗೆ ಜಾಸ್ತಿ ಓದಿಕೊಂಡವನು. ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಇರುವ ಅವನ ಸಂಕಟ ತಿಳಿಯೋಕೆ ಯಾವ ಪೂರ್ವಕಥೆಯೂ ಬೇಡ, ಅಲ್ವಾ?

ಹಾಗಾದರೆ ಹಳೇ ಸರಣಿ ನೋಡಿದವರಿಗೆ ಜಾಸ್ತಿ ಏನು ಸಿಗುತ್ತದೆ? ಮೊದಲನೆಯದು ಒಂದು ಲೋಟ ಬಿಯರ್. ಮೋರ್ಸ್ ಆಗ ಕುಡಿಯುತ್ತಲೇ ಇರಲಿಲ್ಲ. ಅವನಿಗೆ ಆ ರುಚಿ ಹತ್ತಿಸುವವನು ಇನ್‌ಸ್ಪೆಕ್ಟರ್ ಫ್ರೆಡ್ ಥರ್ಸ್‌ಡೇ. ಹೊಸಬರಿಗೆ ಅದು ಹಿರಿಯನೊಬ್ಬನ ಅಕ್ಕರೆ. 1987ರಿಂದ 2000ದವರೆಗೆ ಹಳೇ ಸರಣಿಯಲ್ಲಿ ನಟ ಜಾನ್ ಥಾ ಅವರ ಮೋರ್ಸ್ ಪಬ್ಬಿನಿಂದ ಪಬ್ಬಿಗೆ ಹೋಗುವುದನ್ನು ನೋಡಿದವರಿಗೆ ಕರುಳು ಚುರುಕ್ ಅನ್ನುತ್ತದೆ.

ಎರಡನೆಯದು ಆ ಮೊದಲ ಕಂತಿನ ಕೊನೆಯ ದೃಶ್ಯ. ಕಾರಿನಲ್ಲಿ ಥರ್ಸ್‌ಡೇ ಕೇಳುತ್ತಾನೆ, ಇನ್ನು ಇಪ್ಪತ್ತು ವರ್ಷಕ್ಕೆ ನೀನು ಎಲ್ಲಿರ್ತೀಯ ಅಂತ. ಹುಡುಗ ಹಿಂಬದಿ ನೋಡುವ ಕನ್ನಡಿಯತ್ತ ಕಣ್ಣೆತ್ತುತ್ತಾನೆ. ಅಲ್ಲಿ ಕಾಣುವುದು ಅವನ ಕಣ್ಣಲ್ಲ, ಜಾನ್ ಥಾ ಅವರ ಕಣ್ಣು. ಅವರು ತೀರಿಕೊಂಡು ಆಗಲೇ ಹತ್ತಿರಹತ್ತಿರ ಹತ್ತು ವರ್ಷವಾಗಿತ್ತು. ಪತ್ರಿಕೆಯ ಸಂಪಾದಕಿ ಡೊರೊಥಿಯಾ ಫ್ರೇಜಿಲ್ ಮೋರ್ಸ್‌ನನ್ನು ನೋಡಿ, ನಾವು ಮುಂಚೆ ಎಲ್ಲೋ ಭೇಟಿಯಾಗಿದ್ದೇವೆಯೇ ಎಂದು ಕೇಳುವ ಮಾತೂ ಇದೇ ಕಂತಿನಲ್ಲಿದೆ. ಆ ಪಾತ್ರ ಮಾಡಿದವರು ಅಬಿಗೇಲ್ ಥಾ, ಜಾನ್ ಅವರ ಮಗಳು. ಇದು ತಿಳಿದ ಮೇಲೆ ಆ ಒಂದು ಸಾಲನ್ನು ಸುಮ್ನೆ ಕೇಳಿಸಿಕೊಂಡು ಮುಂದೆ ಹೋಗಲು ನನಗಂತೂ ಆಗುವುದಿಲ್ಲ.

ಸಂಗೀತದಲ್ಲೂ ಒಂದು ಗುಟ್ಟಿದೆ. ಬ್ಯಾರಿಂಗ್ಟನ್ ಫೆಲಂಗ್ ಹಳೇ ಸರಣಿಗೆ ಮಾಡಿದ ರಾಗದ ಅಡಿಯಲ್ಲಿ ಒಂದು ತಾಳ ಮಿಡಿಯುತ್ತಿರುತ್ತದೆ. ಎರಡು ಉದ್ದ, ಮೂರು ಉದ್ದ, ಗಿಡ್ಡ-ಉದ್ದ-ಗಿಡ್ಡ, ಮೂರು ಗಿಡ್ಡ, ಒಂದು ಗಿಡ್ಡ. ಹಳೇ ಟೆಲಿಗ್ರಾಫ್ ಸಂಕೇತದಲ್ಲಿ ಅದು ಮೋರ್ಸ್ ಹೆಸರಿನ ಐದು ಇಂಗ್ಲಿಷ್ ಅಕ್ಷರ.

ಇನ್ನು ‘ಎಂಡೆವರ್’ ಎಂಬ ಹೆಸರು. ಹಳೇ ಸರಣಿಯಲ್ಲಿ ಮೋರ್ಸ್ ತನ್ನ ಮೊದಲ ಹೆಸರನ್ನು ಬಾಯಿ ಬಿಡುತ್ತಿರಲಿಲ್ಲ. ಅದು ಹೊರಬಿದ್ದದ್ದು 1997ರಲ್ಲಿ. ತಾಯಿ ಮಕ್ಕಳಿಗೆ ಸದ್ಗುಣಗಳ ಹೆಸರಿಡುವ ಕ್ವೇಕರ್ ಎಂಬ ಕ್ರೈಸ್ತ ಪಂಥದವಳು, ತಂದೆಗೆ ಹಳೇ ಕಾಲದ ನಾವಿಕ ಕ್ಯಾಪ್ಟನ್ ಕುಕ್ ಅಂದರೆ ಪ್ರಾಣ. ಕುಕ್‌ನ ಹಡಗಿನ ಹೆಸರೇ ಮಗನಿಗೆ ಬಂತು. ಹೊಸ ಸರಣಿ ಅದನ್ನೇ ಶೀರ್ಷಿಕೆ ಮಾಡಿಕೊಂಡಿರುವುದರಿಂದ ಈ ಗುಟ್ಟು ನಿಮಗೆ ಆಗಲೇ ಗೊತ್ತಾಗಿದೆ. ನಷ್ಟ ಅಂದರೆ ಇಷ್ಟೇ.

ನನ್ನನ್ನು ಕೇಳಿದರೆ ಹೊಸದನ್ನೇ ಮೊದಲು ನೋಡಿ. ಹಳೇ ಮೋರ್ಸ್ ಎಲ್ಲೂ ಥರ್ಸ್‌ಡೇ ಹೆಸರು ಎತ್ತುವುದಿಲ್ಲ. ಆ ಪಾತ್ರವನ್ನು ಬರಹಗಾರ ರಸೆಲ್ ಲೂಯಿಸ್ ಸೃಷ್ಟಿಸಿದ್ದೇ ಆಮೇಲೆ. ಆದರೆ ಅಪ್ಪನ ಹಾಗೆ ಕಾಪಾಡಿದವನನ್ನು ಮೋರ್ಸ್ ಯಾಕೆ ನೆನೆಯಲಿಲ್ಲ ಅನ್ನುವುದಕ್ಕೆ ಕಥೆಯೊಳಗೇ ಉತ್ತರ ಬೇಕಲ್ಲ? 2023ರ ಮಾರ್ಚಿನಲ್ಲಿ ಬಂದ ಕಟ್ಟಕಡೆಯ ಕಂತು ಅದನ್ನು ಕೊಡುತ್ತದೆ. ಏನೆಂದು ನಾನು ಹೇಳುವುದಿಲ್ಲ.

ಅದು ಮುಗಿದ ಮೇಲೆ 1987ರ ಮೊದಲ ಮೋರ್ಸ್ ಕಂತು ‘ದಿ ಡೆಡ್ ಆಫ್ ಜೆರಿಕೊ’ ಹಾಕಿಕೊಳ್ಳಿ. ಅದರ ಹೆಸರಿನಲ್ಲಿ ಬರುವ ಜೆರಿಕೊ ಆಕ್ಸ್‌ಫರ್ಡಿನದೇ ಒಂದು ಬಡಾವಣೆ. ನೋಡಿ ಎದ್ದವರು ಮತ್ತೆ ಆ ಕನ್ನಡಿಯ ದೃಶ್ಯಕ್ಕೆ ಬನ್ನಿ.