ಕಷಾಯ ಕುಡಿದು ಹೊರಟರೆ ಸ್ವೆಟರ್ ಬೇಡವೇ?

ಪ್ರಶ್ನೆ: ನಮ್ಮ ತಂದೆಗೆ ಎಪ್ಪತ್ತು ದಾಟಿದೆ. ಧನುರ್ಮಾಸದ ಚಳಿಯಲ್ಲೂ ಶುಂಠಿ, ಕಾಳುಮೆಣಸಿನ ಕಷಾಯ ಕುಡಿದು ಬರಿಯ ಅಂಗಿಯಲ್ಲಿ ವಾಕಿಂಗ್ ಹೊರಡುತ್ತಾರೆ. ‘ಮೈ ಒಳಗಿನಿಂದಲೇ ಬೆಚ್ಚಗಿದೆ, ಸ್ವೆಟರ್ ಏಕೆ?’ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಸ್ವೆಟರ್ ಬೇಕೇ ಬೇಕು. ಕಿವಿ ಮುಚ್ಚುವ ಟೋಪಿಯೂ ಇರಲಿ. ತಂದೆಯವರಿಗೆ ಬೆಚ್ಚಗೆನ್ನಿಸುವುದು ನಿಜ. ಆದರೆ ಬೆಚ್ಚಗೆನ್ನಿಸುವುದಕ್ಕೂ ಮೈಯ ಶಾಖ ಹೆಚ್ಚುವುದಕ್ಕೂ ವ್ಯತ್ಯಾಸವಿದೆ.

ಖಾರ ತಿಂದಾಗ ‘ಬಾಯಿ ಉರಿಯುತ್ತಿದೆ’ ಎನ್ನುತ್ತೇವೆ. ಒಲೆಯೂ ಉರಿಯುತ್ತದೆ, ಬಾಯಿಯೂ ಉರಿಯುತ್ತದೆ. ನರಗಳ ಲೆಕ್ಕದಲ್ಲಿ ಈ ಮಾತು ಬಹುತೇಕ ಸರಿ. ನಮ್ಮ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದರೆ ‘ಸುಡುತ್ತಿದೆ’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಅದರ ಕೆಲಸ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಳುಮೆಣಸಿನ ಪೈಪರಿನ್, ಹಸಿಶುಂಠಿಯ ಜಿಂಜರಾಲ್ ಇದೇ ಬಾಗಿಲನ್ನು ತಟ್ಟುತ್ತವೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಶುಂಠಿ ಒಣಗುವಾಗ ಜಿಂಜರಾಲ್‌ನ ಒಂದಂಶ ಇನ್ನೂ ಖಾರವಾದ ಶೋಗಾಲ್ ಆಗಿ ಮಾರ್ಪಡುತ್ತದೆ. ಚಳಿಗಾಲಕ್ಕೆ ಒಣಶುಂಠಿಯೇ ಆಗಬೇಕೆಂದು ನಮ್ಮ ಹಿರಿಯರು ಹಟ ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ.

ಸುದ್ದಿ ತಲುಪಿದ ಮೇಲೆ ಏನಾಗುತ್ತದೆ ಎಂಬುದು ನಿಮ್ಮ ಪ್ರಶ್ನೆಗೆ ಮುಖ್ಯ. ದೇಹ ಅದನ್ನು ನಂಬಿ ತನ್ನನ್ನು ತಣಿಸಿಕೊಳ್ಳಲು ಹೊರಡುತ್ತದೆ. ಮುಖ ಕೆಂಪೇರುತ್ತದೆ, ಹಣೆ ಮತ್ತು ಮೂಗಿನ ಮೇಲೆ ಬೆವರೊಡೆಯುತ್ತದೆ. ಚರ್ಮದಡಿಯ ರಕ್ತನಾಳಗಳು ಹಿಗ್ಗಿದಾಗ ಒಳಗಿನ ಶಾಖ ಹೊರಗಿನ ಗಾಳಿಗೆ ಸೇರುತ್ತದೆ. ಮನೆಯೊಳಗೆ ಕಂಬಳಿ ಹೊದ್ದು ಕುಳಿತವರಿಗೆ ಇದರಿಂದ ಹಿತವೇ ಹೊರತು ನಷ್ಟವಿಲ್ಲ. ಬೀಸುಗಾಳಿಯಲ್ಲಿ ಬರಿಯ ಅಂಗಿಯಲ್ಲಿ ನಡೆಯುವವರಿಗೆ ನಷ್ಟವಿದೆ. ವಯಸ್ಸಾದಂತೆ ಚಳಿಯನ್ನು ಗ್ರಹಿಸುವ ಶಕ್ತಿಯೂ ಕುಗ್ಗುತ್ತದೆ, ಚಳಿಗೆ ರಕ್ತದೊತ್ತಡವೂ ಏರುತ್ತದೆ. ನಿಮ್ಮ ತಂದೆಯ ವಿಷಯದಲ್ಲಿ ನನಗಿರುವ ಆತಂಕ ಅದೇ.

ಹಾಗಾದರೆ ಬಿಸಿ ಲೋಟದಿಂದ ಶಾಖ ಬರುವುದಿಲ್ಲವೇ? ಬರುತ್ತದೆ, ಲೆಕ್ಕ ಹಾಕಿ ನೋಡಿ. 60 ಡಿಗ್ರಿಯ 200 ಮಿಲಿಲೀಟರ್ ಕಷಾಯ ಮೈಯ 37 ಡಿಗ್ರಿಗೆ ಇಳಿಯುವಾಗ ಕೊಡುವುದು ಐದು ಕಿಲೊಕ್ಯಾಲೊರಿಗಿಂತ ಕಡಿಮೆ. ಸುಮ್ಮನೆ ಕುಳಿತ ದೇಹ ಮೂರು ನಾಲ್ಕು ನಿಮಿಷಗಳಲ್ಲಿ ತಾನೇ ಅಷ್ಟನ್ನು ಹುಟ್ಟಿಸುತ್ತದೆ. ಅದೇ ಲೋಟಕ್ಕೆ ಹಾಕಿದ ಹತ್ತು ಗ್ರಾಂ ಬೆಲ್ಲದಲ್ಲಿ ಸುಮಾರು 38 ಕಿಲೊಕ್ಯಾಲೊರಿ ಇದೆ, ಹಾಲಿನದು ಬೇರೆ. ಮೆಣಸು ಬೆಚ್ಚಗೆನ್ನಿಸುತ್ತದೆ, ಮೈಗೆ ಸೌದೆ ಒದಗಿಸುವುದು ಬೆಲ್ಲ ಮತ್ತು ಹಾಲು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕಷಾಯವೆಂದರೆ ಇವೆರಡೂ ಇರಲೇಬೇಕು. ಈಗೀಗ ಸಿಹಿ, ಹಾಲು ಎರಡನ್ನೂ ಬಿಟ್ಟು ಬರಿಯ ಖಾರದ ನೀರನ್ನು ಔಷಧಿಯಂತೆ ನುಂಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. (ಮಧುಮೇಹವಿರುವವರು ಬೆಲ್ಲ ಬಿಡಬೇಕಾದದ್ದೇ.)

ನಮ್ಮ ಮನೆಯ ಪುಡಿ ಹೀಗೆ: ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಅರ್ಧ ಲೋಟ, ಕಾಳುಮೆಣಸು ಎರಡು ಚಮಚ, ಮೆಂತ್ಯ ಅರ್ಧ ಚಮಚ, ಜಜ್ಜಿದ ಒಣಶುಂಠಿ ಒಂದು ತುಂಡು. ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಕುದಿಸಿ. ಒಲೆ ಆರಿಸಿದ ಮೇಲೆ ಬಿಸಿ ಹಾಲು ಬೆರೆಸಿ. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯಬಹುದು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿಯನ್ನು ಹೆಚ್ಚು ಬಳಸುವ ಮೊದಲು ವೈದ್ಯರನ್ನು ಕೇಳಬೇಕು. ಪೈಪರಿನ್ ಕೆಲವು ಔಷಧಿಗಳನ್ನು ರಕ್ತಕ್ಕೆ ಹೆಚ್ಚು ಸೇರಿಸುತ್ತದೆ. ಬಿಪಿ ಇರುವವರು ಕಷಾಯಕ್ಕೆ ಜ್ಯೇಷ್ಠಮಧು ಹಾಕಬಾರದು, ಅದು ಒತ್ತಡವನ್ನು ಏರಿಸುತ್ತದೆ.

ತಂದೆಯವರಿಗೆ ಕಷಾಯ ಬೇಡವೆನ್ನಬೇಡಿ. ಬಿಸಿಲೇರಿದ ಮೇಲೆ ಸ್ವೆಟರ್ ತೊಟ್ಟು ವಾಕಿಂಗ್ ಹೋಗಲಿ, ತಿರುಗಿ ಬಂದ ಮೇಲೆ ಲೋಟ ಕೈಗಿಡಿ.